ಕಾಣದ ಗಣಿಯ ಪಾಲುದಾರರು

ಕಳೆದ ತಿಂಗಳು ಒಂದು ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿದ ಕಾರ್ಮಿಕ ಬಂಧುವೊಬ್ಬರು ಮನೆಗೆ ಹೋಗದೆ ನೇರವಾಗಿ ನಮ್ಮ ಕಚೇರಿಗೆ ಬಂದರು. ಸ್ಪಿನ್ನಿಂಗ್ ಖಾತೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಮಗಳ ಮದುವೆಗೆಂದು ಭವಿಷ್ಯನಿಧಿಯಿಂದ ತೆಗೆದ ಎರಡು ಲಕ್ಷ ರೂಪಾಯಿಯನ್ನು ಅವರು ಬಿಟ್‌ಕಾಯಿನ್ ಗಣಿಯ ಪಾಲಿಗೆ ಹಾಕಿದ್ದರು. ಗಣಿ ಎಲ್ಲಿದೆ ಎಂದು ಕೇಳಿದೆವು. ವಿದೇಶದಲ್ಲಿದೆಯಂತೆ. ನೋಡಿದವರು ಯಾರು ಎಂದು ಕೇಳಿದೆವು. ಯಾರೂ ಇಲ್ಲ. ತಿಂಗಳಿಗೆ ನೂರಕ್ಕೆ ಎಂಟರಂತೆ ಲಾಭ ಬರುವುದೆಂದು ಕಲ್ಯಾಣ ಮಂಟಪದಲ್ಲಿ ಸಭೆ ಮಾಡಿ, ಊಟ ಹಾಕಿ ಹೇಳಿದ್ದರಂತೆ. ಮೊಬೈಲಿನ ಪರದೆಯ ಮೇಲೆ ಅವರ ಎರಡು ಲಕ್ಷ ಮೂರೂವರೆ ಲಕ್ಷವಾಗಿ ಬೆಳೆದು ನಿಂತಿತ್ತು. ಅದನ್ನು ತೆಗೆಯಹೋದರೆ, ಮೊದಲು ನಲವತ್ತು ಸಾವಿರ ತೆರಿಗೆ ಕಟ್ಟಿ ಎಂಬ ಸಂದೇಶ ಬರುತ್ತಿತ್ತು. ಅವರ ಮಾತನ್ನು ನಂಬಿ ಅದೇ ಗಣಿಗೆ ಐವತ್ತು ಸಾವಿರ ಹಾಕಿದ ಕಿರಾಣಿ ಅಂಗಡಿಯವರು ಈಗ ಅವರಿಗೆ ಉದ್ರಿ ಕೊಡುವುದನ್ನು ನಿಲ್ಲಿಸಿದ್ದಾರೆ. ಮಾತನ್ನೂ ನಿಲ್ಲಿಸಿದ್ದಾರೆ.

ಅತಿ ಆಸೆ ಗತಿಗೇಡು ಎಂದು ಹೇಳಿ ಮುಂದೆ ಸಾಗುವವರು ಬಹಳ ಮಂದಿ. ನಾವು ಹಾಗೆ ಹೇಳಲಾರೆವು. ಸಂಬಳ ನಿಂತಲ್ಲಿಯೇ ನಿಂತು, ಅಕ್ಕಿ ಬೇಳೆಯ ಬೆಲೆ ಮಾತ್ರ ಏರುತ್ತಿರುವಾಗ ದುಡಿಯುವವನು ಎರಡು ಕಾಸು ಹೆಚ್ಚಿಗೆ ಸಿಗುವ ದಾರಿಯನ್ನು ಹುಡುಕಿದರೆ ಅದು ಅಪರಾಧವಲ್ಲ. ಅಪರಾಧ ಇರುವುದು ಬೇರೆ ಕಡೆ. ಅದನ್ನು ತಿಳಿಯಬೇಕಾದರೆ ಈ ಗಣಿ ಎಂಥದು ಎಂಬುದನ್ನು ಮೊದಲು ಅರಿಯಬೇಕು.

ಗಣಿ ಎಂದೊಡನೆ ನಮ್ಮ ನಾಡಿನವರಿಗೆ ಕೋಲಾರ ನೆನಪಾಗುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ತಂತಿ ಹಿಡಿದು ಹೋದದ್ದು ಆ ಗಣಿಗೇ. ಅಲ್ಲಿ ವಿದ್ಯುತ್ತು ಒಳಗೆ ಹೋದರೆ ಚಿನ್ನ ಹೊರಗೆ ಬರುತ್ತಿತ್ತು. 2001ರಲ್ಲಿ ಗಣಿ ಮುಚ್ಚಿದಾಗ ಕಾರ್ಮಿಕರು ಬೀದಿಗೆ ಬಂದರೂ, ಅವರು ತೆಗೆದ ಚಿನ್ನ ಸುಳ್ಳಾಗಿರಲಿಲ್ಲ. ಬಿಟ್‌ಕಾಯಿನ್ನಿನ ಗಣಿಯಲ್ಲಿ ಮಣ್ಣಿಲ್ಲ, ಬಂಡೆಯಿಲ್ಲ. ವಿದ್ಯುತ್ತು ಮಾತ್ರ ಇದೆ.

ವ್ಯಾಪಾರಿ ಬಂಧುಗಳಿಗೆ ಕಿರ್ದಿ ಪುಸ್ತಕ ಗೊತ್ತು. ಬಿಟ್‌ಕಾಯಿನ್ ಎಂಬುದು ಅಂಥದೊಂದು ಕಿರ್ದಿ. ಸತೋಷಿ ನಕಮೊಟೊ ಎಂಬ ಹೆಸರಿನ ಹಿಂದೆ ಅಡಗಿದವರು 2008ರಲ್ಲಿ ಇದರ ಯೋಜನೆಯನ್ನು ಪ್ರಕಟಿಸಿ, 2009ರ ಜನವರಿಯಲ್ಲಿ ಮೊದಲ ಪುಟ ಬರೆದರು. ಯಾರಿಂದ ಯಾರಿಗೆ ಎಷ್ಟು ಸಂದಿತು ಎಂಬುದನ್ನೆಲ್ಲ ಬರೆದ ಈ ಪುಸ್ತಕದ ಪ್ರತಿ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿದೆ. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ ಸೇರುತ್ತದೆ. ಆ ಪುಟ ಬರೆಯುವ ಹಕ್ಕು ಒಂದು ಲೆಕ್ಕದ ಒಗಟನ್ನು ಎಲ್ಲರಿಗಿಂತ ಮೊದಲು ಬಿಡಿಸಿದ ಯಂತ್ರಕ್ಕೆ. ಅದಕ್ಕೆ ಕೂಲಿಯಾಗಿ ಹೊಸ ನಾಣ್ಯಗಳು. ಇದಕ್ಕೇ ಗಣಿಗಾರಿಕೆ ಎಂಬ ದೊಡ್ಡ ಹೆಸರು.

ಈಗ ಮಿಲ್ಲಿನ ಬಂಧುಗಳು ಗಮನಿಸಬೇಕು. ಮಗ್ಗ ಹೆಚ್ಚಿದರೆ ಬಟ್ಟೆ ಹೆಚ್ಚುತ್ತದೆ. ಈ ಗಣಿಯಲ್ಲಿ ಹಾಗಲ್ಲ. ಯಂತ್ರಗಳು ಹೆಚ್ಚಿದಂತೆ ಒಗಟೂ ಕಠಿಣವಾಗುತ್ತದೆ. ಸುಮಾರು ಎರಡು ವಾರಕ್ಕೊಮ್ಮೆ ಅದು ತಾನಾಗಿಯೇ ಸರಿಹೊಂದಿಕೊಳ್ಳುತ್ತದೆ. ಸಾವಿರ ಮಗ್ಗ ಇರಲಿ, ಲಕ್ಷ ಮಗ್ಗ ಇರಲಿ, ಒಟ್ಟು ಬಟ್ಟೆ ಅಷ್ಟೇ. ಒಬ್ಬೊಬ್ಬರ ಪಾಲಿನ ಮೊಳ ಮಾತ್ರ ಕಡಿಮೆಯಾಗುತ್ತ ಹೋಗುತ್ತದೆ. ಸಾಲದ್ದಕ್ಕೆ, ಸುಮಾರು ನಾಲ್ಕು ವರ್ಷಕ್ಕೊಮ್ಮೆ ಕೂಲಿಯೇ ಅರ್ಧವಾಗುತ್ತದೆ. ಆರಂಭದಲ್ಲಿ ಪುಟಕ್ಕೆ 50 ನಾಣ್ಯ, 2012ರಲ್ಲಿ 25, 2016ರಲ್ಲಿ 12.5, 2020ರಲ್ಲಿ 6.25, 2024ರ ಏಪ್ರಿಲಿನಿಂದ 3.125. ಇಡೀ ಜಗತ್ತಿಗೆ ದಿನಕ್ಕೆ 900 ಹೊಸ ನಾಣ್ಯ ಬರುತ್ತಿದ್ದದ್ದು ಒಮ್ಮೆಲೇ 450ಕ್ಕೆ ಇಳಿಯಿತು. ವಿದ್ಯುತ್ತಿನ ಬಿಲ್ಲೇನೂ ಅರ್ಧವಾಗಲಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಈಚಿನ ಒಳ್ಳೆಯ ಗಣಿಯಂತ್ರ ಒಂದಕ್ಕೆ ಸುಮಾರು ಮೂರೂವರೆ ಕಿಲೋವ್ಯಾಟ್ ಬೇಕು. ಹಗಲು ರಾತ್ರಿ ಓಡಿದರೆ ದಿನಕ್ಕೆ 84 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿಯೆಂದು ಇಟ್ಟುಕೊಂಡರೆ ದಿನಕ್ಕೆ 588 ರೂಪಾಯಿ, ತಿಂಗಳಿಗೆ 17,640 ರೂಪಾಯಿ. ಇಂಥ ನಲವತ್ತು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಸಮನಾದ ಶಕ್ತಿ 2025ರಲ್ಲಿ ಜಗತ್ತಿನಲ್ಲಿ ಒಗಟು ಬಿಡಿಸುತ್ತಿದ್ದಿತು. ಆ ಲೆಕ್ಕದಲ್ಲಿ ಒಂಟಿ ಯಂತ್ರವೊಂದು ಒಂದು ಪುಟ ಗೆಲ್ಲಲು ಸರಾಸರಿ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಯಬೇಕು. ಅದಕ್ಕೇ ಗಣಿಗಾರರು ಗುಂಪು ಕಟ್ಟಿಕೊಂಡು ಬಂದದ್ದನ್ನು ಹಂಚಿಕೊಳ್ಳುತ್ತಾರೆ. ಹಾಗೆ ಹಂಚಿದರೆ ಒಂದು ಯಂತ್ರದ ಪಾಲು ತಿಂಗಳಿಗೆ ಒಂದು ನಾಣ್ಯದ ಸುಮಾರು ಮುನ್ನೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚಲ್ಲ. ಬಿಲ್ಲು ತೀರಬೇಕೆಂದರೂ ಒಂದು ನಾಣ್ಯದ ಬೆಲೆ ಐವತ್ತು ಲಕ್ಷ ರೂಪಾಯಿಗೆ ಮೇಲಿರಬೇಕು. ಯಂತ್ರದ ಬೆಲೆ ಬೇರೆ. ನಾಣ್ಯದ ಬೆಲೆಯಾದರೋ, 2021ರ ನವೆಂಬರಿನಲ್ಲಿ ಸುಮಾರು 69,000 ಡಾಲರ್ ಇದ್ದದ್ದು ಒಂದೇ ವರ್ಷದಲ್ಲಿ 16,000 ಡಾಲರಿಗೂ ಕೆಳಗೆ ಬಿದ್ದಿತ್ತು. ಅಗ್ಗದ ವಿದ್ಯುತ್ತು, ದೊಡ್ಡ ಬಂಡವಾಳ ಎರಡೂ ಇದ್ದ ಅಮೆರಿಕದ ಕೋರ್ ಸೈಂಟಿಫಿಕ್‌ನಂಥ ದೊಡ್ಡ ಗಣಿ ಕಂಪನಿಯೇ 2022ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಗಣಿಯ ಆದಾಯ ಎರಡು ವಾರಕ್ಕೊಮ್ಮೆ ಬದಲಾಗುತ್ತದೆ, ಬೆಲೆ ಗಳಿಗೆಗೊಮ್ಮೆ ಬದಲಾಗುತ್ತದೆ. ಅಂಥ ಗಣಿಯಿಂದ ತಿಂಗಳು ತಿಂಗಳು ನೂರಕ್ಕೆ ಇಷ್ಟೇ ಎಂದು ನಿಗದಿಯಾದ ಲಾಭ ಕೊಡುವೆನೆಂದು ಹೇಳುವವನು ಸುಳ್ಳು ಹೇಳುತ್ತಿದ್ದಾನೆ. ಅವನ ಮೋಸಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆ ಭರವಸೆಯೇ ಸಾಕ್ಷಿ. ಮೊದಲು ಬಂದವರಿಗೆ ಕೊಡುವ ಲಾಭ ಹಿಂದೆ ಬಂದವರ ಜೇಬಿನದು. ಕಂಡವರ ದುಡ್ಡು, ಎಲ್ಲಮ್ಮನ ಜಾತ್ರೆ!

ನಮ್ಮ ದೇಶದಲ್ಲಿಯೇ ಇದು ನಡೆದಿದೆ. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ ಗಣಿಯ ಹೆಸರಿನಲ್ಲಿ ತಿಂಗಳಿಗೆ ಶೇಕಡಾ 10ರಂತೆ ಹದಿನೆಂಟು ತಿಂಗಳು ಕೊಡುವೆನೆಂದು ಜನರಿಂದ ಬಿಟ್‌ಕಾಯಿನ್ ಸಂಗ್ರಹಿಸಿತು. 2017ರಲ್ಲಿ ಸಂಗ್ರಹಿಸಿದ್ದು ಸುಮಾರು 6,600 ಕೋಟಿ ರೂಪಾಯಿ ಎಂದು ಜಾರಿ ನಿರ್ದೇಶನಾಲಯ ಹೇಳಿದೆ. 2018ರಲ್ಲಿ ಬಂಧನಗಳಾದವು, 2025ರ ಫೆಬ್ರವರಿಯಲ್ಲೂ ಸಿಬಿಐ ಬೆಂಗಳೂರೂ ಸೇರಿದಂತೆ ಹಲವು ಊರುಗಳಲ್ಲಿ ಶೋಧ ನಡೆಸುತ್ತಲೇ ಇದ್ದಿತು. ಇನ್ನು ಒನ್‌ಕಾಯಿನ್ ಎಂಬುದು ಗಣಿಯ ಪಾಲೆಂದು ಹೇಳಿ ಜಗತ್ತಿನಾದ್ಯಂತ ಸುಮಾರು 400 ಕೋಟಿ ಡಾಲರ್ ಬಾಚಿತು. ಅದಕ್ಕೆ ನಿಜವಾದ ಕಿರ್ದಿ ಪುಸ್ತಕವೇ ಇರಲಿಲ್ಲ. ಅದನ್ನು ಕಟ್ಟಿದ ರೂಜಾ ಇಗ್ನಾತೋವಾ 2017ರ ಅಕ್ಟೋಬರಿನಲ್ಲಿ ವಿಮಾನ ಹತ್ತಿ ಕಣ್ಮರೆಯಾದಳು.

ಹಾಗಾದರೆ ಸರಕಾರ ಏನು ಮಾಡುತ್ತಿದೆ?

2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕು, ಈ ವ್ಯವಹಾರದವರಿಗೆ ಬ್ಯಾಂಕುಗಳು ಸೇವೆ ಕೊಡಕೂಡದೆಂದು ಸುತ್ತೋಲೆ ಹೊರಡಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. 2021ರ ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿ ಒಂದು ಮಸೂದೆಯ ಹೆಸರು ಕಾಣಿಸಿಕೊಂಡಿತು, ಮಂಡನೆಯಾಗಲಿಲ್ಲ. ಆದರೆ ತೆರಿಗೆಗೆ ಯಾವ ಅಡ್ಡಿಯೂ ಇರಲಿಲ್ಲ. 2022ರ ಏಪ್ರಿಲಿನಿಂದ ಲಾಭದ ಮೇಲೆ ಶೇಕಡಾ 30 ತೆರಿಗೆ, ಜುಲೈಯಿಂದ ಮಾರಾಟದ ಮೇಲೆ ಶೇಕಡಾ 1 ಮುರಿತ. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಗಣಿಗೆ ಹಾಕಿದ ಯಂತ್ರದ ವೆಚ್ಚವನ್ನೂ ಕಳೆಯುವಂತಿಲ್ಲವೆಂದು ಸರಕಾರ ಲೋಕಸಭೆಯಲ್ಲಿಯೇ ತಿಳಿಸಿತು. 2023ರ ಮಾರ್ಚಿನಲ್ಲಿ ಕಪ್ಪುಹಣ ತಡೆಯ ಕಾಯಿದೆಯಡಿ ಈ ವ್ಯವಹಾರದ ಕಂಪನಿಗಳು ನೋಂದಾಯಿಸಿಕೊಳ್ಳಬೇಕೆಂದಾಯಿತು. ಖಜಾನೆಗೆ ಬೇಕಾದದ್ದು ಬಂತು, ಪೊಲೀಸರಿಗೆ ಬೇಕಾದ ದಾಖಲೆ ಬಂತು. ದುಡ್ಡು ಹಾಕಿದವನನ್ನು ಕಾಯುವ ಪ್ರತ್ಯೇಕ ಕಾಯಿದೆ ಮಾತ್ರ 2025 ಕಳೆದರೂ ಬರಲಿಲ್ಲ.

ಇದರ ಫಲವನ್ನು 2024ರ ಜುಲೈ 18ರಂದು ದೇಶ ಕಂಡಿತು. ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯ ಕಳುವಾಯಿತು. ಲಕ್ಷಾಂತರ ಭಾರತೀಯರ ಉಳಿಕೆ ಹಣ ಅಲ್ಲಿ ಸಿಕ್ಕಿಕೊಂಡಿತು. ಅದನ್ನು ಹಿಂದಿರುಗಿಸುವ ಯೋಜನೆ ತೀರ್ಮಾನವಾದದ್ದು ಸಿಂಗಪುರದ ಹೈಕೋರ್ಟಿನಲ್ಲಿ! ವ್ಯವಹಾರ ಮತ್ತೆ ತೆರೆಯಲು ಹದಿನೈದು ತಿಂಗಳು ಹಿಡಿಯಿತು. ನಮ್ಮ ತಾಲೂಕು ಕೋರ್ಟಿನ ಮೆಟ್ಟಿಲೇ ಬಡವನಿಗೆ ಎತ್ತರ. ಸಿಂಗಪುರದ ಮೆಟ್ಟಿಲನ್ನು ಅವನು ಹತ್ತುವುದು ಹೇಗೆ?

ಇದನ್ನು ಪೂರ್ತಿ ನಿಷೇಧಿಸಿಬಿಡಿ ಎನ್ನುವವರು ಕೆಲವರು. ಅವರ ಮಾತಿನಲ್ಲಿ ತಿರುಳಿದೆ. ವಿದ್ಯುತ್ತಿನ ಕೊರತೆಯಾದಾಗ ಇರಾನ್ 2021ರಲ್ಲಿ ಕೆಲ ತಿಂಗಳು ಗಣಿಗಾರಿಕೆ ನಿಲ್ಲಿಸಿತು. ಕೊಸೊವೊ 2022ರ ಆರಂಭದಲ್ಲಿ ಅದನ್ನೇ ಮಾಡಿತು. ಮನೆಯ ದೀಪ ಆರಿಸಿ ಒಗಟು ಬಿಡಿಸುವ ಯಂತ್ರ ಓಡಿಸುವುದು ನ್ಯಾಯವಲ್ಲ. ಆದರೆ ಚೀನಾ 2021ರಲ್ಲಿ ನಿಷೇಧಿಸಿದಾಗ ಗಣಿಗಳು ಗಡಿ ದಾಟಿ ಕಜಕಸ್ತಾನಕ್ಕೂ ಅಮೆರಿಕಕ್ಕೂ ಹೋದವು. ಬಾಗಿಲು ಮುಚ್ಚಿದರೆ ದೊಡ್ಡವನು ಕಿಟಕಿಯಿಂದ ಹೋಗುತ್ತಾನೆ. ಮೋಸ ಹೋದ ಚಿಕ್ಕವನು ದೂರು ಕೊಡಲೂ ಹೆದರುತ್ತಾನೆ.

ಕಾಯಿದೆ ಮಾಡಿದರೆ ಈ ನಾಣ್ಯಗಳಿಗೆ ಸರಕಾರದ ಮುದ್ರೆ ಒತ್ತಿದಂತಾಗುತ್ತದೆ, ಜನ ಇನ್ನಷ್ಟು ನುಗ್ಗುತ್ತಾರೆ ಎಂಬುದು ಇನ್ನೊಂದು ವಾದ. ಈ ಭಯ ಸುಳ್ಳಲ್ಲ. ಆದರೆ ಲಾಭದಲ್ಲಿ ಶೇಕಡಾ 30 ಎಣಿಸಿಕೊಂಡ ದಿನವೇ ಆ ಮುದ್ರೆ ಬಿದ್ದಾಯಿತಲ್ಲವೆ? ಕಲ್ಯಾಣ ಮಂಟಪದ ಏಜೆಂಟನು ನಮ್ಮ ಕಾರ್ಮಿಕ ಬಂಧುವಿಗೆ ಹೇಳಿದ್ದೂ ಅದನ್ನೇ: "ಸರಕಾರವೇ ತೆರಿಗೆ ತೆಗೆದುಕೊಳ್ಳುತ್ತದೆ, ಹೆದರಬೇಡಿ ಅಣ್ಣಾ." ಸರಕಾರದ ತೆರಿಗೆ ಮೋಸಗಾರನ ಜಾಹೀರಾತಾಗಿದೆ.

ಆದ್ದರಿಂದ ನಾವು ಕೇಳುವುದು ಇಷ್ಟು. ಒಂದು, ವಿನಿಮಯ ಕೇಂದ್ರಗಳು ಗ್ರಾಹಕರ ನಾಣ್ಯವನ್ನು ತಮ್ಮ ಆಸ್ತಿಯಿಂದ ಬೇರೆಯಾಗಿ ಇಡಬೇಕು. 2022ರಲ್ಲಿ ಎಫ್‌ಟಿಎಕ್ಸ್ ಮುಳುಗಿದ್ದು ಗ್ರಾಹಕರ ಹಣವನ್ನು ಒಡೆಯನ ಇನ್ನೊಂದು ಕಂಪನಿ ಬಳಸಿದ್ದರಿಂದ. ಎರಡು, ನಿಗದಿಯಾದ ಲಾಭದ ಭರವಸೆ ಕೊಟ್ಟು ಗಣಿಯ ಪಾಲು ಮಾರುವುದನ್ನು, ರೂಪಾಯಿಯಲ್ಲಿ ಪಡೆಯಲಿ ನಾಣ್ಯದಲ್ಲಿ ಪಡೆಯಲಿ, 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯಿದೆಯಲ್ಲಿ ಸ್ಪಷ್ಟವಾಗಿ ಸೇರಿಸಬೇಕು. ಏಜೆಂಟರು ತಿಂದ ಕಮಿಷನ್ನನ್ನು ವಸೂಲು ಮಾಡಬೇಕು. ಮೂರು, ಭಾರತದ ಗ್ರಾಹಕರ ವಿವಾದ ಭಾರತದಲ್ಲಿಯೇ ತೀರ್ಮಾನವಾಗಬೇಕು. ನಾಲ್ಕು, ಈ ತೆರಿಗೆಯ ಒಂದು ಪಾಲನ್ನು ಜಿಲ್ಲೆಗಳ ಸೈಬರ್ ಪೊಲೀಸ್ ಠಾಣೆಗಳಿಗೆ ಕೊಡಬೇಕು. ಊರು ಸೂರೆಯಾದ ಮೇಲೆ ಕೋಟೆಯ ಬಾಗಿಲು ಹಾಕುವ ಪದ್ಧತಿ ಸಾಕು.

ಕಾಯಿದೆ ಬರುವವರೆಗೆ ನಮ್ಮ ಎಚ್ಚರ ನಮ್ಮದು. ಬ್ಯಾಂಕಿನ ಠೇವಣಿಗೆ ಐದು ಲಕ್ಷ ರೂಪಾಯಿವರೆಗೆ ವಿಮೆಯಿದೆ. ಈ ನಾಣ್ಯಕ್ಕೆ ಒಂದು ಕಾಸಿನದೂ ಇಲ್ಲ. ಭವಿಷ್ಯನಿಧಿಯ ಹಣ, ಅಂಗಡಿಯ ಬಂಡವಾಳ, ಹೆಂಡತಿಯ ಒಡವೆ ಇವನ್ನು ಈ ಗಣಿಗೆ ಇಳಿಸಬೇಡಿ. ನಿಮ್ಮದೇ ಹಣ ತೆಗೆಯಲು ಮತ್ತೆ ಹಣ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಜವಾದ ತೆರಿಗೆಯನ್ನು ಯಾವ ಏಜೆಂಟನ ಮೊಬೈಲ್ ಖಾತೆಗೂ ಕಟ್ಟಬೇಕಾಗಿಲ್ಲ. ಮೋಸ ತಿಳಿದ ಕೂಡಲೆ 1930 ಸಂಖ್ಯೆಗೆ ಕರೆಮಾಡಿ. ತಡವಾದಷ್ಟೂ ಹಣ ಕೈ ಬದಲಾಗುತ್ತ ಹೋಗುತ್ತದೆ.

ನಮ್ಮ ಕಾರ್ಮಿಕ ಬಂಧು ಆ ನಲವತ್ತು ಸಾವಿರವನ್ನು ಕಟ್ಟಲಿಲ್ಲ. ಅದೇ ದಿನ ಠಾಣೆಗೆ ಹೋಗಿ ದೂರು ಕೊಟ್ಟರು. ನಾವು ಹೇಳಿಕಳುಹಿಸಿದ ಮೇಲೆ ಕಿರಾಣಿ ಅಂಗಡಿಯವರೂ ಬಾಗಿಲು ಹಾಕಿಕೊಂಡು ಬಂದು, ಎರಡನೆಯ ದೂರಿಗೆ ಸಹಿ ಹಾಕಿದರು. ಹಣ ಹಿಂದಕ್ಕೆ ಬರುವುದೆಂಬ ಭರವಸೆಯನ್ನು ನಾವು ಕೊಡಲಾರೆವು. ಆದರೆ ಆ ಕಲ್ಯಾಣ ಮಂಟಪದಲ್ಲಿ ಅಂದು ಊಟಕ್ಕೆ ಕುಳಿತವರು ಇಬ್ಬರೇ ಅಲ್ಲ. ಉಳಿದವರು ನಾಚಿಕೆಯಿಂದ ಮನೆಯಲ್ಲಿ ಕುಳಿತಿರುವಷ್ಟು ದಿನ ಆ ಏಜೆಂಟನು ಮುಂದಿನ ಊರಿನಲ್ಲಿ ಎಲೆ ಹಾಕಿಸುತ್ತಿರುತ್ತಾನೆ. ಬಂಧುಗಳೇ, ಮುಂದೆ ಬನ್ನಿ. ದೂರು ಬರೆದುಕೊಡಲು ಸಂಜೆ ಪಾಳಿ ಬಿಟ್ಟ ಮೇಲೆ ನಮ್ಮ ಕಚೇರಿ ತೆರೆದಿರುತ್ತದೆ.