ಹುಯ್ಯಲು ಅನಾಗರಿಕವೇ?

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ವಿದ್ಯಾವಂತ ಮನೆತನಗಳಲ್ಲಿ ಈಚೆಗೆ ಹೊಸತೊಂದು ಮರ್ಯಾದೆಯು ತಲೆದೋರಿರುವುದು. ಸಾವಿನ ಮನೆಯಲ್ಲಿ ಹೆಂಗಸರು ಹಾಡ್ಯಾಡಿಕೊಂಡು ಅಳಕೂಡದಂತೆ. ಅದು ಅನಾಗರಿಕರ ನಡತೆಯಂತೆ!

ಹೋದ ಬೇಸಗೆಯಲ್ಲಿ ಕೊಟ್ಟೂರಿನ ಸಮೀಪದ ಒಂದು ಮನೆಗೆ ಹೋಗಿದ್ದೆನು. ತಂಗಿಯ ಹೆಣದ ಮುಂದೆ ಕುಳಿತ ಎಂಬತ್ತರ ಮುದುಕಿಯೊಬ್ಬಳು ದನಿಯೆತ್ತಿ, ಆ ತಂಗಿಯು ಮದುವೆಯಾಗಿ ಬಂದ ದಿನವನ್ನೂ, ಬರಗಾಲದಲ್ಲಿ ಕಂಡವರ ಮನೆಯ ಜೋಳ ಬೀಸಿದ್ದನ್ನೂ, ಕಳೆದುಕೊಂಡ ಎರಡು ಕೂಸುಗಳನ್ನೂ ಒಂದೊಂದಾಗಿ ಹಾಡಿ ಹೇಳುತ್ತಲಿದ್ದಳು. ಸತ್ತವಳ ಮೊಮ್ಮಗನು, "ಸಾಕು ಸುಮ್ಕಿರು ಅಜ್ಜಿ, ಮಂದಿ ಫೋನಿನಾಗ ಹಿಡೀತಾರ" ಎಂದು ಬಾಯಿ ಮುಚ್ಚಿಸಿದನು. ಆ ಕೂಸುಗಳ ಸಂಗತಿಯು ಮನೆಯಲ್ಲಿ ಬೇರಾರಿಗೂ ತಿಳಿದಿರಲಿಲ್ಲ. ಆಮೇಲೆ ಸೊಸೆಯಂದಿರು ಎಷ್ಟು ಕೇಳಿದರೂ ಮುದುಕಿಯು ಬಾಯಿ ಬಿಡಲಿಲ್ಲ.

ಕೆಲವರು ಯಾಜ್ಞವಲ್ಕ್ಯಸ್ಮೃತಿಯನ್ನು ಮುಂದೊಡ್ಡುವರು. ಬಂಧುಗಳ ಕಣ್ಣೀರನ್ನು ಪ್ರೇತವು ಉಣ್ಣಬೇಕಾಗುವುದರಿಂದ ಅಳಲಾಗದೆಂದು ಅಲ್ಲಿರುವುದು ನಿಜ. ಪಾಠಶಾಲೆಯಲ್ಲಿ ನಾನೂ ಅದನ್ನು ಬಾಯಿಪಾಠ ಮಾಡಿದವನೇ. ಆದರೆ ಆ ವಿಧಿಯ ಉದ್ದೇಶವು ಉತ್ತರಕ್ರಿಯೆಗಳು ನಿಲ್ಲದಿರಲೆಂಬುದು. ಗಾಂಧಾರಿಯ ರೋದನಕ್ಕಾಗಿ ಸ್ತ್ರೀಪರ್ವವನ್ನು ತೆರೆದಿಟ್ಟ ವ್ಯಾಸರು ಧರ್ಮವನ್ನರಿಯದವರೋ?

ಈ ಅಳುವಿಗೆ ಹಳಗನ್ನಡದಲ್ಲಿ 'ಪುಯ್ಯಲ್' ಎಂಬ ಗಂಭೀರವಾದ ಮಾತುಂಟು. ಅದೇ 'ಹುಯ್ಯಲು' ಆಯಿತು. (ಈಗಿನ ಪತ್ರಿಕೆಗಳಲ್ಲಿ ಬರಿಯ ಗದ್ದಲವೂ 'ಹುಯಿಲು' ಆಗಿರುವುದು, ಇರಲಿ.) ಗ್ರೀಕರ ಕಾವ್ಯದಲ್ಲಿ ಇಂಥದೇ ಮಾತು 'ಕೋಕುತೋಸ್'. ಹೆಕ್ಟರನು ಮಡಿದಾಗ ಟ್ರಾಯ್ ನಗರವೆಲ್ಲ ಇಟ್ಟ ಗೋಳನ್ನು ಹೋಮರನು ಈ ಮಾತಿನಿಂದಲೇ ಹೇಳಿದನು. ಅವರ ಯಮಲೋಕದ ಒಂದು ನದಿಗೂ ಅದೇ ಹೆಸರು. ಅಥೆನ್ಸಿನ ಸೋಲೋನನು ಕ್ರಿ.ಪೂ. 6ನೆಯ ಶತಮಾನದಲ್ಲಿ ಹೆಂಗಸರ ಶೋಕಾಚರಣೆಗೆ ಕಟ್ಟಳೆ ವಿಧಿಸಿದನು. ಅದೇ ಪಟ್ಟಣದಲ್ಲಿ ಕ್ರಿ.ಪೂ. 472ರಲ್ಲಿ ಈಸ್ಕಿಲಸನು ಗಂಡಸರಿಂದ ರಂಗದ ಮೇಲೆ ಅದೇ ಗೋಳನ್ನಿಡಿಸಿ ಮೊದಲನೆಯ ಬಹುಮಾನ ಪಡೆದನು! ಶ್ರೀಯವರು 1935ರಲ್ಲಿ 'ಪಾರಸಿಕರು' ಎಂದು ಕನ್ನಡಕ್ಕೆ ತಂದದ್ದು ಆ ನಾಟಕವನ್ನೇ.

ನಾವಾದರೂ ಬೇರೆಯೇನು ಮಾಡುತ್ತಿರುವೆವು? ಹಂಪೆಯ ರಾಘವಾಂಕನ ಚಂದ್ರಮತಿಯು ಲೋಹಿತಾಶ್ವನ ಹೆಣದ ಮೇಲೆ ಬಿದ್ದು ಗೋಳಾಡುವುದನ್ನು ಗಮಕಿಗಳ ಬಾಯಿಂದ ಕೇಳಿ ಉತ್ತರೀಯದಲ್ಲಿ ಕಣ್ಣೊರಸಿಕೊಳ್ಳುವೆವು; ಮನೆಗೆ ಬಂದು ಅಕ್ಕತಂಗಿಯರ ಬಾಯಿ ಮುಚ್ಚಿಸುವೆವು. ಫೋನು ಹಿಡಿದು ನಗುವವನಿದ್ದರೆ ಅವನನ್ನು ಹೊಸ್ತಿಲಾಚೆ ಕಳುಹಿಸಿರಿ. ಮುದುಕಿಯು ಹೇಳಿ ಮುಗಿಸಲಿ. ಹೆಣವೆತ್ತಲು ಅರ್ಧ ತಾಸು ತಡವಾದರೆ ಯಾವ ಸ್ಮೃತಿಯೂ ಕೆಡದು.