ಚಿತ್ರಮುದ್ರಣಗಳ ರವಾನೆ: ಪೊಟ್ಟಣದ ವೆಚ್ಚವನ್ನು ಎಲ್ಲಿ ಲೆಕ್ಕಕ್ಕೆ ಹಿಡಿಯಬೇಕು?

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಲ್ಲಿ ಚಿತ್ರಕ್ಕೆ ವಸ್ತುವಿನ ಕೊರತೆಯಿಲ್ಲ. 1430ರ ಸಾವಿರ ಕಂಬದ ಬಸದಿ, 1604ರಲ್ಲಿ ಪ್ರತಿಷ್ಠಾಪನೆಗೊಂಡ ವೇಣೂರಿನ ಗೊಮ್ಮಟ, ಮೂಡುಬಿದಿರೆಯಲ್ಲಿ ಕಾಪಿಟ್ಟ ಧವಲಾ ಗ್ರಂಥಗಳ ತಾಳೆಗರಿಯ ಮೇಲಿನ ಪುಟ್ಟ ವರ್ಣಚಿತ್ರಗಳು, ಯಕ್ಷಗಾನದ ಬಣ್ಣದ ವೇಷ, ಕಂಬಳದ ಕೋಣ ಇವೆಲ್ಲವೂ ಕಲಾವಿದನ ಕುಂಚಕ್ಕೂ ಛಾಯಾಗ್ರಾಹಕನ ಕ್ಯಾಮೆರಾಕ್ಕೂ ನಿರಂತರವಾಗಿ ಒದಗುವ ವಿಷಯಗಳು. ಇಂತಹ ಚಿತ್ರಗಳನ್ನು ಉತ್ತಮ ಕಾಗದದ ಮೇಲೆ ಮುದ್ರಿಸಿ, ಚೌಕಟ್ಟು ಹಾಕಿ ಮಾರುವುದು ಸಣ್ಣ ಮುದ್ರಣಾಲಯಕ್ಕೂ ಫ್ರೇಮಿನ ಅಂಗಡಿಗೂ ಒದಗಬಹುದಾದ ಯೋಗ್ಯ ವ್ಯವಹಾರ. ಅಂಗಡಿಗೆ ಬಂದು ಕೊಳ್ಳುವ ಯಾತ್ರಿಕನು ಚಿತ್ರವನ್ನು ತಾನೇ ಹೊತ್ತೊಯ್ಯುತ್ತಾನೆ. ತೊಡಕು ಆರಂಭವಾಗುವುದು ಬೆಂಗಳೂರು, ಮುಂಬಯಿಗಳ ಗ್ರಾಹಕನು ಮನೆಗೆ ಕಳುಹಿಸಿಕೊಡಿ ಎಂದಾಗ. ಆ ಬೇಡಿಕೆಯನ್ನು ಪೂರೈಸಲು ಹಿಂಜರಿಯುವ ವರ್ತಕರೇ ಅಧಿಕ. ಕಾರಣ ಕೇಳಿದರೆ ಬರುವ ಉತ್ತರ ಒಂದೇ: ಗಾಜು ಒಡೆಯುತ್ತದೆ, ಕಾಗದ ಮುದುಡುತ್ತದೆ, ಕೊರಿಯರ್ ಖರ್ಚು ಲಾಭವನ್ನೆಲ್ಲ ನುಂಗುತ್ತದೆ.

ಮೂರೂ ಮಾತು ನಿಜವೇ. ಆದರೆ ಈ ಮೂರಕ್ಕೂ ಮೂಲ ಒಂದೇ, ಅದು ಗಾಜು ಹಾಕಿದ ಚೌಕಟ್ಟನ್ನು ಹಾಗೆಯೇ ಕಳುಹಿಸುವ ಅಭ್ಯಾಸ. ಅನೇಕ ಕೊರಿಯರ್ ಸಂಸ್ಥೆಗಳು ತೂಕವನ್ನು ಮಾತ್ರವಲ್ಲದೆ ಗಾತ್ರವನ್ನೂ ನೋಡುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬರುವ ಕಿಲೋಗ್ರಾಮು ನಿಜವಾದ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ದರ ವಿಧಿಸುವುದು ಸಾಮಾನ್ಯ ಪದ್ಧತಿ. 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಒಂದು ಚಿತ್ರವನ್ನು ಚೌಕಟ್ಟಿನ ಸಹಿತ ಕಟ್ಟಿದರೆ ಪೆಟ್ಟಿಗೆಯ ಅಳತೆ ಸುಮಾರು 70, 55, 10 ಸೆಂ.ಮೀ. ಆಗುತ್ತದೆ, ಲೆಕ್ಕದ ತೂಕ 7.7 ಕಿಲೋ. ಅದೇ ಚಿತ್ರವನ್ನು ಚೌಕಟ್ಟಿಲ್ಲದೆ ಎರಡು ಗಟ್ಟಿ ರಟ್ಟುಗಳ ನಡುವೆ ಚಪ್ಪಟೆಯಾಗಿ ಇರಿಸಿದರೆ 65, 50, 2 ಸೆಂ.ಮೀ., ಅಂದರೆ 1.3 ಕಿಲೋ. ಸುರುಳಿ ಸುತ್ತಿ 70 ಸೆಂ.ಮೀ. ಉದ್ದದ, 12 ಸೆಂ.ಮೀ. ದಪ್ಪದ ಕೊಳವೆಯಲ್ಲಿಟ್ಟರೆ ಸುಮಾರು 2 ಕಿಲೋ. ಒಂದೇ ಚಿತ್ರ, ಒಂದೇ ದಾರಿ. ಸಾಗಣೆಯ ವೆಚ್ಚ ಮಾತ್ರ ಹಲವು ಪಟ್ಟು ಭಿನ್ನ.

ಇದು ಹೊಸ ಉಪಾಯವೇನಲ್ಲ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿ ಬಳಿಕ ಲೋನಾವಳದ ಬಳಿಯ ಮಳವಲಿಗೆ ಸ್ಥಳಾಂತರಿಸಿದ ಮುದ್ರಣಾಲಯದ ಲಕ್ಷ್ಮೀ ಸರಸ್ವತಿಯರು ಊರೂರಿನ ಮನೆಗಳನ್ನು ತಲುಪಿದ್ದು ಹಾಳೆಯ ರೂಪದಲ್ಲಿ. ಚೌಕಟ್ಟು ಹಾಕಿದ್ದು ಆಯಾ ಊರಿನ ಬಡಗಿ. ಇಲ್ಲಿನ ಫ್ರೇಮಿನ ಅಂಗಡಿಯವರು ಈ ಸಲಹೆಯನ್ನು ಮೆಚ್ಚಲಾರರು, ಏಕೆಂದರೆ ಹೊರಊರಿನ ಆದೇಶದಲ್ಲಿ ಅವರ ಪಾಲು ತಪ್ಪುತ್ತದೆ. ಆಕ್ಷೇಪ ನ್ಯಾಯವಾದುದೇ. ಆದರೂ ಚೌಕಟ್ಟಿನ ಸಹಿತ ಹೋಗದೇ ಇರುವ ಆದೇಶದಿಂದ ಯಾರಿಗೂ ಕೆಲಸ ದೊರೆಯುವುದಿಲ್ಲ. ಹಾಳೆಗೆ ರಟ್ಟಿನ ಅಂಚು ಕಟ್ಟಿಕೊಡುವ ಕೆಲಸವಾದರೂ ಅವರಿಗೆ ಉಳಿಯುತ್ತದೆ. ಚೌಕಟ್ಟೇ ಬೇಕೆಂದು ಗ್ರಾಹಕನು ಪಟ್ಟು ಹಿಡಿದರೆ ಗಾಜಿನ ಬದಲು ಅಕ್ರಿಲಿಕ್ ಹಾಳೆ ಬಳಸುವುದು ಲೇಸು.

ಕರಾವಳಿಯ ಹವೆಯನ್ನು ಮರೆತು ಮಾಡಿದ ಪೊಟ್ಟಣ ಎಷ್ಟು ಗಟ್ಟಿಯಾಗಿದ್ದರೂ ನಿಷ್ಪ್ರಯೋಜಕ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಅಧಿಕ ಮಳೆ ಬೀಳುವ ಜಿಲ್ಲೆಯಿದು. ಚಾರ್ಮಾಡಿಯಲ್ಲಾಗಲಿ ಶಿರಾಡಿಯಲ್ಲಾಗಲಿ ಗುಡ್ಡ ಜರಿದು ಲಾರಿಗಳು ನಿಂತರೆ ಪೊಟ್ಟಣವೂ ಆ ತೇವದಲ್ಲೇ ಕಾಯಬೇಕು. ಒದ್ದೆಯಾದ ರಟ್ಟಿಗೆ ಬಲವಿರುವುದಿಲ್ಲ. ಈ ವಿಷಯದಲ್ಲಿ ಕಲಾವಿದರು ಗೇರುಬೀಜದ ಕಾರ್ಖಾನೆಗಳಿಂದ ಕಲಿಯುವುದು ಬಹಳವಿದೆ. ರಫ್ತಾಗುವ ಗೇರು ತಿರುಳನ್ನು ಚೆನ್ನಾಗಿ ಒಣಗಿಸಿ, 11.34 ಕಿಲೋ ಹಿಡಿಯುವ ತಗಡಿನ ಡಬ್ಬಿಗೆ ತುಂಬಿ, ಗಾಳಿ ತೆಗೆದು ಇಂಗಾಲದ ಡೈಆಕ್ಸೈಡ್ ಸೇರಿಸಿ ಮುಚ್ಚಿ, ಎರಡೆರಡು ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಡುವ ಕ್ರಮ ಬಹುಕಾಲದಿಂದ ನಡೆದುಬಂದಿದೆ. ಒಣಗಿದ ಮೇಲೆಯೇ ಮುಚ್ಚಬೇಕು, ಮುಚ್ಚಿದ ಮೇಲೆ ತೇವ ಒಳಸೇರಬಾರದು: ಕಾಗದಕ್ಕೂ ನಿಯಮ ಇದೇ. ಮುದ್ರಣವಾದ ದಿನವೇ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿದ ಹಾಳೆಯಲ್ಲಿ ಶಾಯಿಯ ಹಸಿಯೂ ಗಾಳಿಯ ತೇವವೂ ಒಟ್ಟಿಗೆ ಬಂದಿಯಾಗುತ್ತವೆ. ಚೆನ್ನಾಗಿ ಆರಿದ ಹಾಳೆಯ ಮುಖಕ್ಕೆ ಆಮ್ಲರಹಿತ ತೆಳುಕಾಗದ, ಅದರ ಹೊರಗೆ ಪ್ಲಾಸ್ಟಿಕ್ ಚೀಲ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ, ಆಮೇಲೆ ರಟ್ಟು, ಇಷ್ಟು ಸಾಕು. ಹಳೆಯ ವೃತ್ತಪತ್ರಿಕೆ ಚಿತ್ರಕ್ಕೆ ತಾಗಲೇಬಾರದು, ಅದರ ಶಾಯಿ ಅಂಟುತ್ತದೆ. ಹಂಚಿಗೆ ಒಗ್ಗುತ್ತಿದ್ದ ಬೈಹುಲ್ಲು ಕಾಗದಕ್ಕೆ ಒಗ್ಗದು. ಹುಳುವೂ ತೇವವೂ ಅದರೊಂದಿಗೇ ಬರುತ್ತವೆ. ಮಳೆಗಾಲದಲ್ಲಿ ಸುರುಳಿಗಳಿಗೆ ಕಾಗದದ ಕೊಳವೆಗಿಂತ ನಾಲ್ಕಿಂಚಿನ ಪಿ.ವಿ.ಸಿ. ಕೊಳವೆಯ ತುಂಡು ಮೇಲು. ಕೃಷಿ ಸಾಮಗ್ರಿಯ ಯಾವ ಅಂಗಡಿಯಲ್ಲೂ ಅದು ದೊರೆಯುತ್ತದೆ.

ಇನ್ನು ಲೆಕ್ಕದ ಮಾತು. ಅಸಲು 900 ರೂಪಾಯಿಯ ಚಿತ್ರವೊಂದು 1,500ಕ್ಕೆ ಮಾರಾಟವಾಗುತ್ತದೆ, ಸಾಗಣೆಗೆ 150 ರೂಪಾಯಿ ತಗಲುತ್ತದೆ ಎಂದಿಟ್ಟುಕೊಳ್ಳೋಣ. ಹತ್ತರಲ್ಲಿ ಒಂದು ಕೆಟ್ಟು ಮತ್ತೊಂದನ್ನು ಕಳುಹಿಸಬೇಕಾಗಿ ಬಂದರೆ 1,050 ರೂಪಾಯಿ ನಷ್ಟ, ಅಂದರೆ ಪ್ರತಿ ಚಿತ್ರಕ್ಕೆ 105. ಪೊಟ್ಟಣಕ್ಕೆ 60 ರೂಪಾಯಿ ಹೆಚ್ಚು ವ್ಯಯಿಸಿ ಹಾನಿಯನ್ನು ಐವತ್ತರಲ್ಲಿ ಒಂದಕ್ಕೆ ಇಳಿಸಿದರೆ ನಷ್ಟ ಪ್ರತಿ ಚಿತ್ರಕ್ಕೆ 21. ಪೊಟ್ಟಣದ 60 ಸೇರಿಸಿದರೂ 81. ಉಳಿತಾಯ 24 ರೂಪಾಯಿ ಮಾತ್ರ ಎಂದು ಮೂಗು ಮುರಿಯುವವರು ಜಿ.ಎಸ್.ಟಿ. ಕಾಯ್ದೆಯ 17(5)(ಎಚ್) ಕಲಮನ್ನು ಒಮ್ಮೆ ಓದಬೇಕು. ನಷ್ಟವಾದ, ನಾಶವಾದ ಸರಕಿನ ಮೇಲಿನ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ, ಪಡೆದಿದ್ದರೆ ಹಿಂತಿರುಗಿಸಬೇಕು. ಲೆಕ್ಕಪುಸ್ತಕದಲ್ಲಿ ಕಾಣದೇ ಹೋಗುವ ನಷ್ಟವಿದು.

ತೆರಿಗೆಯ ದರದಲ್ಲೂ ಎಚ್ಚರ ಅಗತ್ಯ. ಕಲಾವಿದನು ಸ್ವಹಸ್ತದಿಂದ ಕೊರೆದ ಅಚ್ಚಿನಿಂದ ನೇರವಾಗಿ ತೆಗೆದ ಪ್ರತಿ ಮಾತ್ರ 9702ನೆಯ ಶೀರ್ಷಿಕೆಯ ಮೂಲ ಮುದ್ರಣವೆನಿಸುತ್ತದೆ. ಅದಕ್ಕೆ 2025ರ ಸೆಪ್ಟೆಂಬರ್ 22ರಿಂದ ಶೇ. 5ರ ದರ. ಆಫ್‌ಸೆಟ್ ಅಥವಾ ಡಿಜಿಟಲ್ ಯಂತ್ರದಿಂದ ಬಂದ ಚಿತ್ರ ಎಷ್ಟೇ ಸುಂದರವಾಗಿದ್ದರೂ, ಕಲಾವಿದನ ಸಹಿಯಿದ್ದರೂ, 4911ರ ಮುದ್ರಿತ ಚಿತ್ರವೇ, ದರ ಶೇ. 18. ರಟ್ಟಿನ ಪೆಟ್ಟಿಗೆಯ ಮೇಲಿನ ತೆರಿಗೆ ಅದೇ ದಿನದಿಂದ ಶೇ. 5ಕ್ಕೆ ಇಳಿದಿದೆಯೆಂದು ಬಿಲ್ಲಿನಲ್ಲಿ ಪೊಟ್ಟಣವನ್ನು ಬೇರೆ ಸಾಲಿನಲ್ಲಿ ತೋರಿಸಿ ಶೇ. 5 ವಿಧಿಸುವಂತಿಲ್ಲ. ಸರಕು, ಪೊಟ್ಟಣ, ಸಾಗಣೆ, ವಿಮೆ ಒಟ್ಟಿಗೆ ಪೂರೈಕೆಯಾದಾಗ ಅದು ಸಂಯುಕ್ತ ಪೂರೈಕೆಯೆಂಬುದಕ್ಕೆ ಕಾಯ್ದೆಯೇ ಇದೇ ಉದಾಹರಣೆಯನ್ನು ಕೊಟ್ಟಿದೆ. ಎಲ್ಲಕ್ಕೂ ಚಿತ್ರದ ದರವೇ ಅನ್ವಯ. ಇಂತಹ ಮುದ್ರಿತ ಚಿತ್ರವನ್ನು ಕಾಸರಗೋಡಿಗೆ ಕಳುಹಿಸಿದರೂ ಅದು ಅಂತರರಾಜ್ಯ ಮಾರಾಟ. ವಹಿವಾಟು ಎಷ್ಟೇ ಚಿಕ್ಕದಿರಲಿ ನೋಂದಣಿ ಬೇಕು, ರಾಜಿ ತೆರಿಗೆ ಪದ್ಧತಿಯಲ್ಲಿರುವವರು ಕಳುಹಿಸುವಂತೆಯೇ ಇಲ್ಲ.

ಪೊಟ್ಟಣ ಕೆಟ್ಟು ತಲುಪಿದರೆ ಹೊಣೆ ಯಾರದು? 2007ರ ರಸ್ತೆ ಸಾಗಣೆ ಕಾಯ್ದೆ ಕೊರಿಯರ್ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಹೆಚ್ಚಿನ ಮೌಲ್ಯವನ್ನು ಘೋಷಿಸಿ ಅದಕ್ಕೆ ತಕ್ಕ ದರ ತೆರದಿದ್ದಲ್ಲಿ, 2011ರ ನಿಯಮಗಳ ಪ್ರಕಾರ ಸಾಗಣೆದಾರನ ಹೊಣೆ ಸಾಗಣೆ ಶುಲ್ಕದ ಹತ್ತು ಪಟ್ಟಿಗೆ ಸೀಮಿತ. 300 ರೂಪಾಯಿ ಶುಲ್ಕದಲ್ಲಿ ಹೋದ 6,000 ರೂಪಾಯಿಯ ಚಿತ್ರಕ್ಕೆ ದೊರೆಯಬಹುದಾದುದು ಹೆಚ್ಚೆಂದರೆ 3,000. ದಾವೆ ಹೂಡುವ ಮೊದಲು, ಬುಕಿಂಗ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ನೀಡಿರಬೇಕು. ವಿಮೆ ಇಳಿಸಿದರೂ, ಪೊಟ್ಟಣ ಸಾಲದ್ದರಿಂದ ಆದ ಹಾನಿಯನ್ನು ಸಾಗಣೆ ವಿಮೆಯ ಸಾಮಾನ್ಯ ಷರತ್ತುಗಳು ಹೊರಗಿಡುತ್ತವೆ. ಕಟ್ಟುವ ಪ್ರತಿ ಹಂತದ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವ ಅಭ್ಯಾಸಕ್ಕೆ ಖರ್ಚಿಲ್ಲ.

ಒಬ್ಬೊಬ್ಬ ವರ್ತಕನೂ ಹತ್ತು ಪೆಟ್ಟಿಗೆ ಕೊಂಡು ತನ್ನ ಮಟ್ಟಿಗೆ ವಿಮೆ ಮಾಡಿಸಿದರೆ ಇವು ಯಾವುವೂ ಅಗ್ಗವಾಗವು. ಮೊದಲು ಅಳತೆಗಳು ಒಂದಾಗಬೇಕು. ಎ3, ಎ2 ಎಂಬ ಎರಡು ಅಳತೆಗಳಿಗೆ ಮುದ್ರಕರು ಒಪ್ಪಿದರೆ ಪೆಟ್ಟಿಗೆ, ರಟ್ಟುಗಳನ್ನು ಸಗಟಿನಲ್ಲಿ ಮಾಡಿಸಬಹುದು. ಮಂಗಳೂರು, ಚಾರ್ಮಾಡಿ, ಶಿರಾಡಿ ಕಡೆಯ ಹೆದ್ದಾರಿಗಳಿಗೂ ಮೂಡುಬಿದಿರೆಯ ರಸ್ತೆಗೂ ಬಿ.ಸಿ. ರೋಡು ಹತ್ತಿರ. ಅಲ್ಲೊಂದು ಸಾಮೂಹಿಕ ಪೊಟ್ಟಣ ಕೇಂದ್ರವನ್ನು ತೆರೆಯಲು ಬೇಕಾದುದು ಒಂದು ಒಣ ಕೋಣೆ, ಇಬ್ಬರು ನುರಿತ ಕೆಲಸಗಾರರು, ಸದಸ್ಯರೆಲ್ಲರ ಹೆಸರಿನಲ್ಲಿ ಒಂದು ಮುಕ್ತ ಸಾಗಣೆ ವಿಮಾ ಪತ್ರ ಮತ್ತು ಕೊರಿಯರ್ ಸಂಸ್ಥೆಯೊಂದಿಗೆ ಒಟ್ಟು ದರದ ಒಪ್ಪಂದ. ವಾಣಿಜ್ಯ ಸಂಘವು ಮುಂದಿನ ಮಳೆಗಾಲದ ಮೊದಲೇ ಮೂರೂ ತಾಲೂಕುಗಳ ಮುದ್ರಕರನ್ನೂ ಫ್ರೇಮಿನ ಅಂಗಡಿಯವರನ್ನೂ ಒಂದೆಡೆ ಕೂಡಿಸಿ ಈ ಎರಡು ಅಳತೆಗಳ ಪ್ರಶ್ನೆಯನ್ನಾದರೂ ಇತ್ಯರ್ಥಪಡಿಸಬೇಕು.