ಹೊಂಡದ ಹಾಳೆಗೆ ಹತ್ತು ವರ್ಷ ವಾರಂಟಿ: ಯಾವುದಕ್ಕೆ, ಯಾರ ಸಹಿ?

ಸಾರವಾಡದಿಂದ ಬಬಲೇಶ್ವರ, ತಿಕೋಟಾ ಕಡೆ ಹೊರಟರೆ ದ್ರಾಕ್ಷಿ ಪಡಗಳ ನಡುವೆ ಕಪ್ಪು ಹಾಳೆ ಹೊದ್ದ ಕೃಷಿ ಹೊಂಡಗಳು ಕಾಣುತ್ತವೆ. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಂಡ, ಹಾಳೆ, ಪಂಪ್‌ಸೆಟ್, ಹನಿ ನೀರಾವರಿ ಒಟ್ಟಿಗೇ ಹೊಲಕ್ಕೆ ಬಂದವು. ಸ್ವಂತ ಖರ್ಚಿನಲ್ಲಿ ದೊಡ್ಡ ಹೊಂಡ ಮಾಡಿಸಿದ ದ್ರಾಕ್ಷಿ ಬೆಳೆಗಾರರೂ ಬಹಳ. ಹಾಳೆ ಖರೀದಿಗೆ ಹೋದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟ್ ವರ್ಷ ವಾರಂಟಿ ಐತ್ರೀ?"

ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಹಾಳೆ ಹಾಸಿದ ದಿನ ಕೆಳಗೆ ಏನಿತ್ತು, ಜೋಡಣೆ ಮಾಡಿದವರು ಯಾರು, ಕಾಗದದ ಮೇಲೆ ಯಾರ ಸಹಿ ಇದೆ, ಈ ಮೂರರಿಂದ ವಾರಂಟಿಯ ಬೆಲೆ ತೀರ್ಮಾನವಾಗುತ್ತದೆ. ಇವು ಸರಿಯಿಲ್ಲದಿದ್ದರೆ ಹತ್ತು ವರ್ಷ ಅಂತ ಬರೆದರೂ ಅಷ್ಟೇ, ಇಪ್ಪತ್ತು ಬರೆದರೂ ಅಷ್ಟೇ.

ಎಷ್ಟು ನೀರಿನ ಪ್ರಶ್ನೆ ಇದು ಅಂತ ಒಂದು ಲೆಕ್ಕ ಹಾಕೋಣ. ಮೇಲೆ 20 ಮೀಟರ್ ಉದ್ದ, 20 ಮೀಟರ್ ಅಗಲ, 3 ಮೀಟರ್ ಆಳ, 1:1 ಇಳಿಜಾರಿನ ಹೊಂಡದಲ್ಲಿ ಸುಮಾರು 8.75 ಲಕ್ಷ ಲೀಟರ್ ನೀರು ಹಿಡಿಯುತ್ತದೆ. 10,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಅದು 87 ಟ್ಯಾಂಕರ್. ಏಪ್ರಿಲ್ ಚಾಟನಿ ಆದ ಮೇಲೆ ಹೊಂಡ ಸೋರಿ ಖಾಲಿಯಾದರೆ ಅಷ್ಟೂ ನೀರನ್ನು ದುಡ್ಡು ಕೊಟ್ಟು ತರಬೇಕು, ಇಲ್ಲವೇ ಬಳ್ಳಿ ಒಣಗುವುದನ್ನು ನೋಡಬೇಕು. ಕಂಪನಿ ಹೊಸ ಹಾಳೆ ಕೊಟ್ಟರೂ ಆ ವರ್ಷದ ಚಿಗುರು ವಾಪಸ್ ಬರೋದಿಲ್ಲ.

ಕಾರ್ಡು ಕೊಟ್ಟವರು ಯಾರು?

ವಾರಂಟಿಯಲ್ಲಿ ಎರಡು ಬಗೆ. ಮೊದಲನೆಯದು ಹಾಳೆ ತಯಾರಿಸಿದ ಕಂಪನಿಯದು. ಬಿಸಿಲಿಗೆ ಹಾಳೆ ಪುಡಿಯಾದರೆ, ಪದರ ಬಿಟ್ಟರೆ, ಹೇಳಿದ ದಪ್ಪ ಇಲ್ಲದಿದ್ದರೆ ಅವರು ಹೊಣೆ. ಎರಡನೆಯದು ಹಾಸಿಕೊಟ್ಟವರದು. ಜೋಡಣೆ ಬಿಚ್ಚಿದರೆ, ಮೂಲೆ ಹರಿದರೆ, ಅಂಚು ಜಾರಿದರೆ ಅವರು ಹೊಣೆ.

ನಮ್ಮ ಕಡೆ ಸಾಮಾನ್ಯವಾಗಿ ಸಿಗುವುದು ಮೊದಲನೆಯದು ಮಾತ್ರ. ಹಾಸಿದವರ ಮಾತು ಬಾಯಿ ಮಾತಿನಲ್ಲೇ ಮುಗಿಯುತ್ತದೆ. ಹಾಳೆ ಸೋರಿದಾಗ ಕಂಪನಿಯವರು "ಹಾಸಿದ್ದು ಸರಿ ಇಲ್ಲ" ಅಂತಾರೆ, ಹಾಸಿದವರು "ಮಾಲೇ ಸರಿ ಇಲ್ಲ" ಅಂತಾರೆ. ರೈತ ನಡುವೆ ಸಿಕ್ಕಿಬೀಳುತ್ತಾನೆ. ಆದ್ದರಿಂದ ಮೊದಲ ಪ್ರಶ್ನೆ ಹೀಗಿರಲಿ: "ಮಾಲು, ಹಾಸೋದು ಎರಡೂ ಸೇರಿಸಿ ಒಬ್ಬರೇ ಬರೆದು ಕೊಡ್ತೀರೇನು?"

ಹಾಳೆಯ ಕೆಳಗಿನ ಮಣ್ಣು

ಷರತ್ತುಗಳಲ್ಲಿ "ತಳ ಸರಿಯಾಗಿ ಸಿದ್ಧಪಡಿಸಿರಬೇಕು" ಅನ್ನುವ ಸಾಲು ಹೆಚ್ಚುಕಡಿಮೆ ಎಲ್ಲ ಕಾರ್ಡುಗಳಲ್ಲೂ ಇರುತ್ತದೆ. ಕ್ಲೇಮ್ ತಿರಸ್ಕಾರ ಆಗಲು ಇಷ್ಟು ಸುಲಭದ ಸಾಲು ಇನ್ನೊಂದಿಲ್ಲ. ನಮ್ಮಲ್ಲಿ ಎರಡು ನಮೂನೆ ಭೂಮಿ, ಎರಡು ನಮೂನೆ ತೊಂದರೆ.

ಡೋಣಿ ದಂಡೆಯ ಎರಿ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಬಿರುಕಿನ ಮೇಲೆ ನೀರಿನ ಭಾರ ಬಿದ್ದಾಗ ಹಾಳೆ ಒಳಗೆ ಜಗ್ಗಿ ತೆಳುವಾಗುತ್ತದೆ. ಮಳೆಗಾಲದಲ್ಲಿ ನೆಲದ ನೀರು ಏರಿದರೆ ಖಾಲಿ ಹೊಂಡದ ಹಾಳೆಯನ್ನು ಕೆಳಗಿನಿಂದಲೇ ಎತ್ತಿ ಗುಳ್ಳೆ ಮಾಡುತ್ತದೆ. ಕಂಪನಿ ಇದನ್ನು "ಭೂಮಿಯ ಚಲನೆ" ಅಂತ ಬರೆದು ಕೈ ತೊಳೆದುಕೊಳ್ಳುತ್ತದೆ. ಎರಿ ಹೊಲದಲ್ಲಿ 1:1 ಇಳಿಜಾರು ಸಾಲದು, 1:1.5 ಇರಲಿ. ಬದಿ, ತಳ ಎರಡನ್ನೂ ನೀರು ಹೊಡೆದು ರೋಲರ್ ಆಡಿಸಿ ಗಟ್ಟಿ ಮಾಡಿಸಿ.

ಮಡ್ಡಿ, ಗರಸು ಹೊಲದಲ್ಲಿ ಕಲ್ಲಿನ ಚೂಪೇ ವೈರಿ. ಜೆಸಿಬಿ ತೋಡಿ ಹೋದ ಮೇಲೆ ಕೈಯಿಂದ ಕಲ್ಲು ಆರಿಸಬೇಕು. ಅದರ ಮೇಲೆ ಜರಡಿ ಹಿಡಿದ ಮೆತ್ತನೆ ಮಣ್ಣು ಹಾಸಬೇಕು, ಇಲ್ಲವೇ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಬೇಕು. ಬರಿಗಾಲಲ್ಲಿ ತಳದ ಮೇಲೆಲ್ಲ ನಡೆದು ನೋಡಿ. ನಿಮ್ಮ ಕಾಲಿಗೆ ಚುಚ್ಚಿದ್ದು ಹಾಳೆಗೂ ಚುಚ್ಚುತ್ತದೆ.

ಹಾಸುವ ಮೊದಲು ತಳದ, ನಾಲ್ಕೂ ಬದಿಯ ಫೋಟೋ, ವಿಡಿಯೋ ತೆಗೆಯಿರಿ. ಹಾಸುವವರು "ತಳ ಸರಿ ಐತಿ" ಅಂತ ಒಂದು ಸಾಲು ಬರೆದು ಸಹಿ ಹಾಕಿಯೇ ಕೆಲಸ ಶುರು ಮಾಡಲಿ. ಆ ಒಂದು ಸಾಲು ಮುಂದೆ ನಿಮ್ಮ ಕೈ ಹಿಡಿಯುತ್ತದೆ.

ಬೆಸುಗೆ ಮತ್ತು ಅಂಚು

ಹಾಳೆ ನಡುವಿನಲ್ಲಿ ಹರಿಯುವುದಕ್ಕಿಂತ ಜೋಡಣೆಯಲ್ಲಿ ಸೋರುವ ಸಂಭವ ಹೆಚ್ಚು. ಮಷಿನ್ ಬೆಸುಗೆಯಲ್ಲಿ ಎರಡು ಸಾಲು ಬಿದ್ದು ನಡುವೆ ಒಂದು ಕಾಲುವೆ ಉಳಿಯುತ್ತದೆ. ಅದಕ್ಕೆ ಗಾಳಿ ತುಂಬಿ, ಮೀಟರಿನ ಮುಳ್ಳು ಇಳಿಯದೆ ನಿಂತರೆ ಬೆಸುಗೆ ಪಾಸು. ಹತ್ತು ನಿಮಿಷದ ಈ ಪರೀಕ್ಷೆಯನ್ನು ನಿಮ್ಮೆದುರೇ ಮಾಡಿಸಿ, ವಿಡಿಯೋ ಇಟ್ಟುಕೊಳ್ಳಿ. ಅಂಟು, ಟೇಪು ಹಚ್ಚಿ ಜೋಡಿಸಿದರೆ ಅದಕ್ಕೆ ವಾರಂಟಿ ಇದೆಯೇ ಅಂತ ಅಲ್ಲೇ ಕೇಳಿ.

ಮಧ್ಯಾಹ್ನದ ಬಿಸಿಲಿಗೆ ಹಾಳೆ ಹಿಗ್ಗಿರುತ್ತದೆ. ಆಗ ಬಿಗಿಯಾಗಿ ಎಳೆದು ಅಂಚು ಹೂಳಿದರೆ ರಾತ್ರಿ ಕುಗ್ಗಿ ಮೂಲೆ ಜಗ್ಗುತ್ತದೆ. ಬೆಳಿಗ್ಗೆ ಅಥವಾ ಸಂಜೆ, ಸ್ವಲ್ಪ ಸಡಿಲ ಬಿಟ್ಟು ಹಾಸಬೇಕು. ಮೇಲಿನ ಅಂಚನ್ನು ಸುತ್ತಲೂ ಎರಡು ಅಡಿ ಅಗಲ, ಎರಡು ಅಡಿ ಆಳದ ತಗ್ಗಿನಲ್ಲಿ ಹೂಳಬೇಕು.

ದಪ್ಪ ಹೇಳಿದ್ದೇ ಬಂತೇ?

ರಾಷ್ಟ್ರೀಯ ತೋಟಗಾರಿಕಾ ಮಿಷನ್ ಅಡಿಯ ಸಮುದಾಯ ಕೆರೆಗೆ ಕನಿಷ್ಠ 500 ಮೈಕ್ರಾನ್ ಹಾಳೆ ಅಂತ ನಿಯಮವಿದೆ. ನೇಯ್ದು ಲ್ಯಾಮಿನೇಟ್ ಮಾಡಿದ ಎಚ್‌ಡಿಪಿಇ ಹಾಳೆಗೆ ಐಎಸ್ 15351 ಅನ್ನುವ ಭಾರತೀಯ ಮಾನದಂಡವಿದೆ. ಅದನ್ನು ಮೈಕ್ರಾನ್ ಬದಲು ಜಿಎಸ್‌ಎಂನಲ್ಲಿ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಅಂತ ಅಳೆಯುತ್ತಾರೆ. ಬಿಲ್ಲಿನಲ್ಲಿ ಮಾನದಂಡದ ನಂಬರು, ದಪ್ಪ ಅಥವಾ ಜಿಎಸ್‌ಎಂ, ಬ್ಯಾಚ್ ನಂಬರು ಮೂರೂ ಇರಬೇಕು. ಬರೇ "ಪ್ಲಾಸ್ಟಿಕ್ ಶೀಟ್, 1 ನಗ" ಅಂತ ಬರೆದ ಬಿಲ್ಲು ವಾರಂಟಿಗೆ ಉಪಯೋಗ ಇಲ್ಲ.

ಪರೀಕ್ಷೆಗೆ ಒಂದು ಸರಳ ದಾರಿ ಇದೆ. ಸಾದಾ ಎಚ್‌ಡಿಪಿಇ ಹಾಳೆ 500 ಮೈಕ್ರಾನ್ ಇದ್ದರೆ ಚದರ ಮೀಟರಿಗೆ ಸುಮಾರು 470 ಗ್ರಾಂ ತೂಗುತ್ತದೆ. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡು ಕತ್ತರಿಸಿ ಬಂಗಾರದ ಅಂಗಡಿಯ ತಕ್ಕಡಿಗೆ ಹಾಕಿ. 4.7 ಗ್ರಾಂ ಹತ್ತಿರ ಬರಬೇಕು. 3 ಗ್ರಾಂ ಬಂದರೆ ಕಾರ್ಡಿನ ಮಾತು ಆಮೇಲೆ, ಮೊದಲು ಮಾಲು ವಾಪಸ್ ಮಾಡಿ. ಆ ತುಂಡನ್ನು ಬಿಲ್ಲಿನ ಜೊತೆಗೇ ಜೋಪಾನವಾಗಿಡಿ.

ನಮ್ಮ ಕಡೆಯ ಕೆಲಸ

ಮಾರುವವರ ಮಾತಿನಲ್ಲೂ ನಿಜವಿದೆ. ಎಮ್ಮೆ, ಆಡು ಹೊಂಡಕ್ಕೆ ಇಳಿಯುತ್ತವೆ. ಹೂಳು ತೆಗೆಯುವಾಗ ಸಲಿಕೆ ತಾಗುತ್ತದೆ. ಪಂಪಿನ ಫುಟ್‌ವಾಲ್ವ್ ನೇರ ಹಾಳೆ ಮೇಲೆ ಕೂತು ತಿಕ್ಕುತ್ತದೆ. ಇವನ್ನೆಲ್ಲ ಕಂಪನಿ ತುಂಬಿಕೊಡಲಿ ಅನ್ನೋದು ನ್ಯಾಯ ಅಲ್ಲ.

ಸುತ್ತ ಬೇಲಿ ಹಾಕಿ. ಮಕ್ಕಳ ಜೀವದ ದೃಷ್ಟಿಯಿಂದಲೂ ಅದು ಬೇಕೇ ಬೇಕು. ಫುಟ್‌ವಾಲ್ವ್ ಕೆಳಗೆ ಹಳೇ ಹಾಳೆಯ ತುಂಡು ಅಥವಾ ತೇಲುವ ಡ್ರಮ್ಮು ಇರಲಿ. ಹೊಂಡ ಪೂರ್ತಿ ಬತ್ತಲು ಬಿಡದೆ ತಳದಲ್ಲಿ ಒಂದಡಿ ನೀರು ಉಳಿಸಿದರೆ ಗಾಳಿಗೆ ಹಾಳೆ ಏಳುವುದಿಲ್ಲ, ತಳಕ್ಕೆ ಬಿಸಿಲೂ ಬಡಿಯುವುದಿಲ್ಲ. ಪಾಚಿಗೆ ಬ್ಲೀಚಿಂಗ್ ಪುಡಿ ಹಾಕುವ ಮುನ್ನ ಕಾರ್ಡು ಓದಿ. ರಾಸಾಯನಿಕ ಬಳಸಿದರೆ ವಾರಂಟಿ ರದ್ದು ಅಂತ ಬರೆದಿರಬಹುದು. ನೀವೇ ತೇಪೆ ಹಾಕಿದರೂ ಅದನ್ನೇ ನೆಪ ಮಾಡುತ್ತಾರೆ. ಅದಕ್ಕೆ ಮೊದಲು ದೂರು ಕೊಡಿ, ತೇಪೆ ಆಮೇಲೆ.

ಸೋರಿಕೆ ಸಾಬೀತು ಮಾಡಲು ಒಂದು ಬಕೆಟ್ ಸಾಕು. ಬಕೆಟ್ಟಿಗೆ ನೀರು ತುಂಬಿ ಹೊಂಡದ ಅಂಚಿನ ನೀರಿನಲ್ಲೇ ನಿಲ್ಲಿಸಿ. ಪಂಪು ಬಂದ್ ಮಾಡಿ, ಬಕೆಟ್ಟಿಗೂ ಹೊಂಡಕ್ಕೂ ಗುರುತು ಹಾಕಿ. ಮೂರು ದಿನದಲ್ಲಿ ಬಕೆಟ್ಟಿನ ನೀರು ಇಳಿದದ್ದು ಆವಿಯಾದದ್ದು. ಹೊಂಡದಲ್ಲಿ ಅದಕ್ಕಿಂತ ಹೆಚ್ಚು ಇಳಿದದ್ದು ಸೋರಿದ್ದು. ದಿನವೂ ಫೋಟೋ ತೆಗೆಯಿರಿ.

ಹತ್ತು ವರ್ಷ ಅಂದರೆ ಎಷ್ಟು ರೂಪಾಯಿ?

ಎಷ್ಟೋ ಕಾರ್ಡುಗಳಲ್ಲಿ "ಪ್ರೊ-ರೇಟಾ" ಅನ್ನುವ ಪದವಿರುತ್ತದೆ. ಅಂದರೆ ಬಳಸಿದ ವರ್ಷ ಕಳೆದು ಉಳಿದದ್ದಕ್ಕೆ ಮಾತ್ರ ಪರಿಹಾರ. ಉದಾಹರಣೆಗೆ ₹1,00,000ದ ಹಾಳೆ, 10 ವರ್ಷದ ವಾರಂಟಿ. 7 ವರ್ಷ ಮುಗಿದ ಮೇಲೆ ಹೋದರೆ ಸಿಗೋದು ₹30,000. ಹಳೇ ಹಾಳೆ ಕಿತ್ತು ಹೊಸದು ಹಾಸುವ ಕೂಲಿ, ಸಾಗಾಣಿಕೆ, ಹೋದ ನೀರು, ಒಣಗಿದ ಬೆಳೆ ಯಾವುದೂ ಅದರಲ್ಲಿ ಇರದಿರಬಹುದು. ಮಾಲು, ಕೂಲಿ ಎರಡನ್ನೂ ಪೂರ್ತಿ ತುಂಬಿಕೊಡುವ 5 ವರ್ಷದ ವಾರಂಟಿ, ಈ 10 ವರ್ಷದ ಕಾರ್ಡಿಗಿಂತ ಮೇಲು.

ಮನೆ ಮಾಳಿಗೆಗೂ ಇದೇ ಮಾತು

ಹೊಸ ಮನೆ, ಒಣದ್ರಾಕ್ಷಿ ಇಡುವ ಗೋದಾಮಿನ ಸ್ಲ್ಯಾಬಿಗೆ ವಾಟರ್‌ಪ್ರೂಫಿಂಗ್ ಮಾಡಿಸುವಾಗಲೂ ಇದೇ ಪ್ರಶ್ನೆಗಳು. ಬಣ್ಣದ ಡಬ್ಬಿ ಮೇಲಿನ ವರ್ಷ ಮಾಲಿನದು. ಹಚ್ಚಿದವರು ಕಂಪನಿ ಒಪ್ಪಿದ ಕೆಲಸಗಾರರಲ್ಲದಿದ್ದರೆ ಆ ವಾರಂಟಿ ಲೆಕ್ಕಕ್ಕೇ ಬಾರದಿರಬಹುದು. ಹಸಿ ಸ್ಲ್ಯಾಬಿಗೆ ಹಚ್ಚಿದರೆ, ಹೇಳಿದಷ್ಟು ಕೋಟ್ ಹಾಕದಿದ್ದರೆ, ನೀರು ಹರಿಯಲು ಇಳಿಜಾರು ಇಲ್ಲದಿದ್ದರೆ, ಪಾಯ ಕುಸಿದು ಗೋಡೆ ಬಿರಿದರೆ ಕ್ಲೇಮ್ ನಿಲ್ಲುವುದು ಕಷ್ಟ. ಎರಿ ಭೂಮಿಯಲ್ಲಿ ಕಟ್ಟಿದ ಮನೆಗೆ ಈ ಕೊನೆಯದೇ ದೊಡ್ಡ ಭಯ.

ಇನ್ನೊಂದು, ವಾಟರ್‌ಪ್ರೂಫಿಂಗ್ ಆದ ಮೇಲೆ ಸೋಲಾರ್ ಹೀಟರ್ ಕೂಡಿಸಲು, ಡಿಶ್ ಆಂಟೆನಾ ಹಾಕಲು ಡ್ರಿಲ್ ಹೊಡೆದರೆ ಅಲ್ಲಿಗೆ ವಾರಂಟಿ ಮುಗಿಯಿತು. ಆ ಕೆಲಸ ಮೊದಲೇ ಮುಗಿಸಿ. ಕೆಲಸ ಆದ ಮೇಲೆ ಮಾಳಿಗೆ ಮೇಲೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗೆ ತೇವ ಬರಲಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಕೊನೇ ಕಂತು ಕೊಡಿ. ನಮ್ಮ ಹಿರಿಯರು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಣ್ಣಿನ ಮಾಳಿಗೆಗೆ ಹೊಸ ಮಣ್ಣು ಹಾಕುತ್ತಿದ್ದರು. ಕಾಂಕ್ರೀಟ್ ಬಂತು ಅಂತ ವರ್ಷಕ್ಕೊಮ್ಮೆ ಮಾಳಿಗೆ ಹತ್ತಿ ನೋಡುವ ರೂಢಿ ಬಿಡಬಾರದು.

ಕಾನೂನು ನಮ್ಮ ಪರ ಇದೆ

"ರೈತ ಲಾಭಕ್ಕೆ ಬೆಳೀತಾನ, ಅವ ಗ್ರಾಹಕ ಅಲ್ಲ" ಅನ್ನುವ ವಾದ ನಿಲ್ಲುವುದಿಲ್ಲ. ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರದ ರೈತರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ರೈತರನ್ನು ಗ್ರಾಹಕರು ಅಂತ ಒಪ್ಪಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಬರೆದುಕೊಟ್ಟ ವಾರಂಟಿಯಂತೆ ಮಾಲು ಇಲ್ಲದಿದ್ದರೆ ಅದರಿಂದಾದ ಹಾನಿಗೆ ತಯಾರಕರು ಹೊಣೆ. "ವಾರಂಟಿ ಬರೆಯುವಾಗ ನಮ್ಮ ನಿರ್ಲಕ್ಷ್ಯ ಇರಲಿಲ್ಲ" ಅಂತ ಹೇಳಿ ತಪ್ಪಿಸಿಕೊಳ್ಳಲಾಗದು.

ಕಂಪನಿ ಪುಣೆಯಲ್ಲಿರಲಿ, ಅಹಮದಾಬಾದಿನಲ್ಲಿರಲಿ, ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ವಿಜಯಪುರದಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ತೊಂದರೆ ಆದ ದಿನದಿಂದ 2 ವರ್ಷದ ಒಳಗೆ ದೂರು ಕೊಡಬೇಕು. ಮೊದಲ ಹೆಜ್ಜೆಗೆ 1915 ಸಹಾಯವಾಣಿ ಇದೆ.

ಆದರೆ ಕಾಗದ ಬೇಕು. ಸಬ್ಸಿಡಿಯಲ್ಲಿ ತಗೊಂಡರೂ ನಿಮ್ಮ ಪಾಲಿನ ಹಣಕ್ಕೆ ನಿಮ್ಮ ಹೆಸರಿನ ರಸೀದಿ, ಬಿಲ್ಲಿನ ನಕಲು ಇಸಗೊಳ್ಳಿ.

ನಾನು ಕೇಳುವುದು ಇಷ್ಟೇ

ಸಬ್ಸಿಡಿ ಕೊಡುವ ಇಲಾಖೆಗಳು ಹಾಳೆಯ ದಪ್ಪ, ದರ ಗೊತ್ತು ಮಾಡಿದಂತೆ ವಾರಂಟಿಯ ನಮೂನೆಯನ್ನೂ ಗೊತ್ತು ಮಾಡಲಿ. ಒಂದೇ ಪುಟ, ಕನ್ನಡದಲ್ಲಿ. ಮಾಲಿಗೂ ಹಾಸುವಿಕೆಗೂ ಒಂದೇ ಸಹಿ. ಯಾವುದಕ್ಕೆ ಇದೆ, ಯಾವುದಕ್ಕೆ ಇಲ್ಲ, ಎಷ್ಟು ದಿನದಲ್ಲಿ ಬಂದು ನೋಡುತ್ತಾರೆ ಅನ್ನುವುದು ಸ್ಪಷ್ಟವಾಗಿರಲಿ. ಹೀಗೆ ಮಾಡಿದರೆ ದರ ಏರುತ್ತದೆ ಅಂತ ಮಾರುವವರು ಹೇಳಬಹುದು. ಸ್ವಲ್ಪ ಏರಲಿ. ಹೊಣೆ ಹೊರುವವನು ತಳದ ಕಲ್ಲು ತಾನೇ ಆರಿಸುತ್ತಾನೆ, ಬೆಸುಗೆ ತಾನೇ ಪರೀಕ್ಷೆ ಮಾಡುತ್ತಾನೆ. ಆ ಎಚ್ಚರಕ್ಕೆ ಕೊಡುವ ದುಡ್ಡು ಟ್ಯಾಂಕರಿಗೆ ಕೊಡುವ ದುಡ್ಡಿಗಿಂತ ಕಡಿಮೆಯೇ.

ಇಲಾಖೆ ಮಾಡುವ ತನಕ ಕಾಯಬೇಕಾಗಿಲ್ಲ. ಒಂದೇ ಊರಿನ ಐದಾರು ಜನ ಸೇರಿ ಒಟ್ಟಿಗೆ ಹಾಳೆ ತರಿಸಿ, ಒಟ್ಟಿಗೆ ಈ ಕಾಗದ ಕೇಳಿ. ಒಬ್ಬನಿಗೆ "ಹಂಗೆಲ್ಲ ಬರಕೊಡಾಕ ಬರಂಗಿಲ್ಲ" ಅಂದವರು ಐದು ಹೊಂಡದ ಆರ್ಡರ್ ಕಂಡಾಗ ಪೆನ್ನು ತೆಗೆಯುತ್ತಾರೆ. ಕೊನೇ ಕಂತನ್ನು ಹೊಂಡ ತುಂಬಿ, ಬಕೆಟ್ ಪರೀಕ್ಷೆ ಪಾಸಾದ ಮೇಲೆಯೇ ಕೊಡಿ. ಕಾರ್ಡು, ಬಿಲ್ಲು, ಫೋಟೋ ಎಲ್ಲ ಸೇರಿಸಿ ಫೋನಿನಲ್ಲಿ ಒಂದು ಫೋಲ್ಡರ್ ಮಾಡಿ, ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ.